ಸರಳಾಳ ಲ್ಯಾಪ್‌ಟಾಪಿಗೆ ಲಿನಕ್ಸ್

ಸಾವಾದ ಮನೆಗೆ ಬಂದವರಿಗೆ ಏನು ಮಾತಾಡಬೇಕೆಂದು ತಿಳಿಯುವುದಿಲ್ಲ. ಅವರ ಕಷ್ಟ ನೋಡಲಾರದೆ ನಾನೇ ಒಂದು ವಿಷಯ ಕೊಡತೊಡಗಿದೆ: "ಲಿನಕ್ಸ್ ಹಾಕೋದು ಹೇಗೆ, ನಿಮಗೇನಾದ್ರೂ ಗೊತ್ತಾ?" ಅಲ್ಲಿಯವರೆಗೆ ನೆಲ ನೋಡುತ್ತ ಕೂತಿದ್ದವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಕೇಳಿದ್ದು ಬರೀ ಉಪಕಾರಕ್ಕಲ್ಲ. ನನ್ನ ಹೆಂಡತಿ ಸರಳಾ ಜೀವನ್ ಬಿಮಾ ನಗರದ ನಮ್ಮ ಅಪಾರ್ಟ್‌ಮೆಂಟಿನ ಸಂಘಕ್ಕೆ ಕಾರ್ಯದರ್ಶಿಯಾಗಿದ್ದಳು. ಆಡಿದ ಮಾತನ್ನು ಆಮೇಲೆ ಯಾರೂ ಇಲ್ಲವೆನ್ನಬಾರದೆಂದು, ನಮ್ಮ ಮನೆಯಲ್ಲೇ ನಡೆಯುತ್ತಿದ್ದ ಪ್ರತಿ ಮೀಟಿಂಗನ್ನೂ ತನ್ನ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡುತ್ತಿದ್ದಳು. ಬೇರೆಯವರ ಮನೆಗಳಲ್ಲಿ ತೀರಿಹೋದವರು ಹಾಡಿದ್ದೋ, ಮೊಮ್ಮಗುವನ್ನು ಆಡಿಸಿದ್ದೋ ಉಳಿದಿರುತ್ತದೆ. ನನಗೆ ಉಳಿದಿರುವ ಅವಳ ದನಿಯೆಲ್ಲ ನೀರಿನ ಟ್ಯಾಂಕರ್ ಮತ್ತು ಪಾರ್ಕಿಂಗ್ ಜಗಳದ್ದು. ಆ ಲ್ಯಾಪ್‌ಟಾಪು ಈಗ ಆನ್ ಆಗುವಷ್ಟರಲ್ಲಿ ಕಾಫಿ ಮಾಡಿ, ಕುಡಿದು, ಲೋಟ ತೊಳೆದಿಡಬಹುದು; ಕೆಲವು ದಿನ ಅರ್ಧಕ್ಕೇ ನಿಂತುಬಿಡುತ್ತದೆ. ಅದು ಪೂರ್ತಿ ಕೆಟ್ಟರೆ ಅವಳ ದನಿಯೂ ಹೋದಂತೆ. ಹಳೇ ಯಂತ್ರದಲ್ಲಿ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದರೆ ಚುರುಕಾಗುತ್ತದೆ ಎಂದು ಎಲ್ಲೋ ಓದಿದೆ. ಅಂದಿನಿಂದ ಕೂತಲ್ಲಿ ಕೂರಲಾಗಲಿಲ್ಲ.

ಸಲಹೆಗೇನೂ ಬರವಿರಲಿಲ್ಲ; ಲಿನಕ್ಸಿನಲ್ಲೂ ಹಲವು ಬಗೆಗಳಿವೆಯಂತೆ. ಕೆ.ಆರ್. ಪುರದಿಂದ ಬಂದ ಭಾವಮೈದುನ ಮಂಜುನಾಥ, "ಭಾವ, ಕಣ್ಮುಚ್ಕೊಂಡು ಉಬುಂಟು ಹಾಕಿ" ಎಂದ.

"ನೀನು ಹಾಕಿದ್ದೀಯಾ?"

"ನಾನಿಲ್ಲ. ನಮ್ಮ ಆಫೀಸಲ್ಲಿ ಹಾಕಿದ್ದಾರೆ."

ಪಕ್ಕದಲ್ಲೇ ಕೂತಿದ್ದ ಕೆಳಮನೆಯ ಮೇಡಂ, ಮಿಂಟ್ ಬಿಟ್ಟರೆ ಬೇರೆ ಮುಟ್ಟಲೇಬಾರದು ಎಂದರು. ಇಬ್ಬರೂ ವಾದ ಮಾಡುತ್ತಲೇ ಎದ್ದು ಹೋದರು. ಸಂತಾಪ ಹೇಳುವುದು ಮರೆತಿದ್ದರಿಂದ ಮೇಡಂ ಲಿಫ್ಟಿನಿಂದ ವಾಪಸ್ ಬಂದು ಹೇಳಿ ಹೋದರು. ವೀಡಿಯೊ ಹಾಕಿದರೆ, "ತುಂಬಾ ಸಿಂಪಲ್" ಎನ್ನುತ್ತ ಒಬ್ಬಾತ ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಮುಗಿಸಿಬಿಟ್ಟಿದ್ದ. ಇಂಟರ್‌ನೆಟ್ಟಿನಲ್ಲಿ ಒಬ್ಬರು ಮಾಡಿ ಎಂದದ್ದನ್ನು ಇನ್ನೊಬ್ಬರು ಮಾಡಲೇಬೇಡಿ ಎನ್ನುತ್ತಿದ್ದರು.

ಕೊನೆಗೆ ಬಂದವನು ರಫೀಕ್, ಶಿವಾಜಿನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನ ಸ್ಕೂಲಿನ ಗೆಳೆಯ.

"ಯಾವ್ದು ಒಳ್ಳೇದೋ ನಂಗೊತ್ತಿಲ್ಲ ಯಾರ್. ಕಾಪಿ ತೆಗೆದಿಟ್ಟಿದ್ಯಾ?"

"ಯಾವ ಕಾಪಿ?"

"ಭಾಭಿ ರೆಕಾರ್ಡಿಂಗ್‌ದು. ನಾನು ತೆಗೀದೇನೇ ಹಾಕೋಕೆ ಹೋದೆ. ಡಿಸ್ಕ್ ಪೂರ್ತಿ ಅಳಿಸ್ಲಾ ಅಂತ ಕೇಳ್ತು, ಸರಿ ಅಂದ್ಬಿಟ್ಟೆ. ಮಗಳ ಮದುವೆ ಫೋಟೋ ಅಷ್ಟೂ ಹೋಯ್ತು. ಮನೇಲಿ ಇನ್ನೂ ಹೇಳಿಲ್ಲ."

ಇಷ್ಟು ಜನರಲ್ಲಿ ನಂಬಬಹುದಾದವನು ಕೆಡಿಸಿಕೊಂಡವನೇ ಅನ್ನಿಸಿತು. ಇಬ್ಬರೂ ಕೂತು ರೆಕಾರ್ಡಿಂಗುಗಳನ್ನೆಲ್ಲ ಬೇರೆ ಹಾರ್ಡ್ ಡಿಸ್ಕಿಗೆ ಹಾಕಿಕೊಂಡೆವು. ಎಲ್ಲವೂ ತೆರೆಯುತ್ತವೆಯೇ ಎಂದು ಅವನು ಪರೀಕ್ಷಿಸುವಾಗ ನಾನು ಸೌಂಡ್ ಆಫ್ ಮಾಡಿಸಿದೆ. ಹಾಕಿದ್ದು ಮಿಂಟನ್ನೇ. ಮಂಜುನಾಥ ಇರುವುದು ಕೆ.ಆರ್. ಪುರದಲ್ಲಿ, ಮೇಡಂ ದಿನಾ ಸಿಗುತ್ತಾರೆ. ಅಳಿಸಲೇ ಎಂಬ ಪ್ರಶ್ನೆ ಬಂದಾಗ ನನ್ನ ಬೆರಳು ಮೌಸಿನ ಮೇಲೆಯೇ ಉಳಿಯಿತು.

"ಒತ್ತೋ. ಭಾಭಿ ಈ ಕಡೆ ಡಬ್ಬೀಲಿ ಸೇಫಾಗಿದ್ದಾರೆ" ಎಂದ ರಫೀಕ್. ಒತ್ತಿದೆ. ಸಂಜೆಯೊಳಗೆ ಎಲ್ಲವನ್ನೂ ಮತ್ತೆ ಲ್ಯಾಪ್‌ಟಾಪಿಗೆ ತುಂಬಿಕೊಟ್ಟು ಅವನು ಹೋದ.

ಮರುದಿನ ಮಧ್ಯಾಹ್ನ ಒಬ್ಬನೇ ಕೂತು, ಸೌಂಡ್ ಏರಿಸಿ, ಒಂದು ಮೀಟಿಂಗ್ ತೆರೆದೆ. ಕುರ್ಚಿ ಎಳೆಯುವ ಸದ್ದು, ಯಾರದೋ ಕೆಮ್ಮು. ಆಮೇಲೆ ಅವಳು: "ರೀ, ಮೊದ್ಲು ಆ ಫ್ಯಾನ್ ಆಫ್ ಮಾಡಿ. ಒಂದೂ ಕೇಳ್ಸಲ್ಲ."

ಎದ್ದು ಹೋಗಿ ಫ್ಯಾನ್ ಆಫ್ ಮಾಡಿದೆ. ವಾಪಸ್ ಬಂದು ಕೂತ ಮೇಲೆಯೇ ಮಾಡಿದ್ದೇನೆಂದು ಹೊಳೆದದ್ದು. ಆದರೂ ಟ್ಯಾಂಕರ್ ಜಗಳ ಮುಗಿಯುವವರೆಗೆ ಬೆವರುತ್ತಲೇ ಕೂತಿದ್ದೆ; ಮತ್ತೆ ಫ್ಯಾನ್ ಹಾಕುವ ಧೈರ್ಯ ಬರಲಿಲ್ಲ.