ಮರುಭೂಮಿಯ ಇಲಿಗಳೂ ಅಜ್ಜನ ಪಾವೂ

ಪಾತ್ರೆಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಮಂಗಳೂರಿನ ಬಂದರಿನಲ್ಲಿ ನಮ್ಮದು, ಬ್ಯಾರಿಗಳದ್ದು, ಮೂರು ತಲೆಮಾರಿನ ಅಕ್ಕಿ ಅಂಗಡಿ. ಅಜ್ಜ ಅಳೆದರು, ಅಪ್ಪ ಅಳೆದರು, ಈಗ ನಾನು ಅಳೆಯುತ್ತಿದ್ದೆ. ಯಾವ ಪಾತ್ರೆಯಲ್ಲಿ ಎಷ್ಟು ಹಿಡಿಯುತ್ತದೆ ಎಂದು ದೂರದಿಂದ ನೋಡಿಯೇ ಹೇಳಬಲ್ಲವನು. ಅಂಥವನಿಗೆ ಎರಡು ಇಲಿಗಳಿಗಾಗಿ ಒಂದು ಊಟದ ಬಟ್ಟಲು ಹುಡುಕುವುದು ದೊಡ್ಡ ಕೆಲಸವೇ?

ಅಕ್ಕಿ ವ್ಯಾಪಾರಿಗೆ ಇಲಿ ಸಾಕುವ ಯೋಗ ಹೇಗೆ ಬಂತೆಂದು ಮೊದಲು ಹೇಳಬೇಕು. ನನ್ನ ಹೆಂಡತಿ ಬೀಫಾತಿಮಳ ತಮ್ಮ ಅದ್ದು, ಕುವೈಟಿನಲ್ಲಿ ಎಣ್ಣೆ ಕಂಪೆನಿಯ ಒಬ್ಬ ಬಿಳಿಯ ಸಾಹೇಬನ ಮನೆಯಲ್ಲಿ ಅಡುಗೆಗಿದ್ದ. ಅಲ್ಲಿಂದ ರಜೆಯಲ್ಲಿ ಬರುವವರು ವಾಚು ತರುತ್ತಾರೆ, ಅತ್ತರು ತರುತ್ತಾರೆ. ಅದ್ದು ತಂದದ್ದು ಎರಡು ಇಲಿ! ಸಾಹೇಬ ವಿಲಾಯತಿಗೆ ಹೊರಟಾಗ ಅವನ ಮಕ್ಕಳು ಅಳುತ್ತಾ ಇವನ ಕೈಗೆ ಕೊಟ್ಟರಂತೆ. ಜೆರ್ಬಿಲ್ ಎಂದು ಹೆಸರು. ಗೋಧಿ ಬಣ್ಣದ ಮೈ, ಬಾಲದ ತುದಿಗೆ ಒಂದು ಕುಚ್ಚು. ಹಿಂಗಾಲಿನ ಮೇಲೆ ನಿಂತು ಮುಂಗಾಲು ಜೋಡಿಸಿಕೊಂಡರೆ ಸಾಲ ಕೇಳಲು ಬಂದವರ ಹಾಗೆ ಕಾಣುತ್ತಿದ್ದವು.

"ಮರುಭೂಮಿಯ ಪ್ರಾಣಿ ಭಾವ. ವಾಸನೆ ಇಲ್ಲ, ನೀರೂ ಹೆಚ್ಚು ಬೇಡ. ಹೆದರಿದರೆ ಮಾತ್ರ ಹಿಂಗಾಲಿನಲ್ಲಿ ನೆಲ ಕುಟ್ತಾವೆ. ನಿಮಗೇ ಇರಲಿ," ಎಂದು ಉಡುಗೊರೆ ಕೊಟ್ಟವನ ಧಾಟಿಯಲ್ಲಿ ಹೇಳಿ ಅದ್ದು ಮತ್ತೆ ಹಡಗು ಹತ್ತಿದ.

ಬೀಫಾತಿಮ ಹೆಚ್ಚು ಮಾತಾಡಲಿಲ್ಲ. "ಇಲಿ ಮನೆಯ ಒಳಗೆ ಬಂದರೆ ನಾನು ಹೊರಗೆ. ಯಾರು ಬೇಕು, ಈಗಲೇ ಹೇಳಿ," ಎಂದಳು.

ಯೋಚಿಸಲು ಸ್ವಲ್ಪ ಸಮಯ ಕೇಳಿದೆ. ಕೊಡಲಿಲ್ಲ! ಹಾಗಾಗಿ ಇಲಿಗಳು ಅಂಗಡಿಗೆ ಬಂದವು. ಒಂದು ಹಲಗೆಯ ಪೆಟ್ಟಿಗೆಗೆ ಹೊಳೆಯ ಮರಳು ತುಂಬಿಸಿ, ಮೇಲೆ ತಂತಿಬಲೆಯ ಬಾಗಿಲು ಹೊಂದಿಸಿ, ನನ್ನ ಮೇಜಿನ ಕೆಳಗೆ ಯಾರಿಗೂ ಕಾಣದ ಹಾಗೆ ಇಟ್ಟೆ. ಇಲಿ ಇಲ್ಲದ ಅಕ್ಕಿ ಅಂಗಡಿ ಬಂದರಿನಲ್ಲಿ ಯಾವುದೂ ಇರಲಿಲ್ಲ, ನಿಜ. ಆದರೆ ಕೈಯಾರೆ ಬಡಿಸಿ ಸಾಕುವ ವ್ಯಾಪಾರಿ ನಾನೊಬ್ಬನೇ ಇದ್ದಿರಬೇಕು.

ಮೊದಲ ದಿನ ಡಬ್ಬದ ಮುಚ್ಚಳದಲ್ಲಿ ಅಕ್ಕಿ ಹಾಕಿದೆ. ಒಂದು ಇಲಿ ಅದರ ಅಂಚಿನ ಮೇಲೆ ಕಾಲಿಟ್ಟಿತು. ಮುಚ್ಚಳ ಮಗುಚಿ ಇನ್ನೊಂದರ ತಲೆಯ ಮೇಲೆ ಬಿತ್ತು. ಅದು ಟೋಪಿ ಹಾಕಿಕೊಂಡೇ ಪೆಟ್ಟಿಗೆಯೊಳಗೆ ನಾಲ್ಕು ಸುತ್ತು ಓಡಿತು!

ಎರಡನೆಯ ದಿನ ತೆಂಗಿನ ಗೆರಟೆ ಇಟ್ಟೆ. ಗಟ್ಟಿ ವಸ್ತು, ನಮ್ಮ ಊರಿನದ್ದು. ಮರುದಿನ ಬಂದು ನೋಡಿದರೆ ಅಕ್ಕಿಯೂ ಇಲ್ಲ, ಅರ್ಧ ಗೆರಟೆಯೂ ಇಲ್ಲ! ಊಟದ ಜೊತೆಗೆ ತಟ್ಟೆಯನ್ನೂ ತಿನ್ನುವ ಅತಿಥಿಗಳನ್ನು ನಾನು ನೋಡಿದ್ದು ಅದೇ ಮೊದಲು.

ಮೂರನೆಯ ದಿನ ನಾನು ಮಾಡಿದ ಕೆಲಸವನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ. ಬೀಫಾತಿಮಳ ಬೀರುವಿನಲ್ಲಿ ಚಿನ್ನದ ಅಂಚಿನ ಆರು ಪಿಂಗಾಣಿ ಸಾಸರುಗಳಿದ್ದವು. ನೆಂಟರು ಬಂದಾಗ ಮಾತ್ರ ಅವು ಹೊರಗೆ ಬರುತ್ತಿದ್ದವು. ಅವುಗಳಲ್ಲೊಂದು ನನ್ನ ಜೇಬಿನಲ್ಲಿ ಕುಳಿತು ಅಂಗಡಿಗೆ ಬಂತು. ಇಲಿಗಳು ಮಧ್ಯಾಹ್ನದ ಒಳಗೆ ಅದನ್ನು ಮರಳಿನಲ್ಲಿ ಹೂತು ಹಾಕಿದವು. ಅದನ್ನು ಮೇಲೆತ್ತಲು ಹೋಗಿ ನಾನೇ ಎರಡು ತುಂಡು ಮಾಡಿದೆ. ಆರರ ಸೆಟ್ಟು ಐದರ ಸೆಟ್ಟಾಯಿತು. ಈ ವಿಷಯವನ್ನು ಮನೆಯಲ್ಲಿ ಪ್ರಸ್ತಾಪಿಸುವ ಅಗತ್ಯ ಆಗ ನನಗೆ ಕಾಣಲಿಲ್ಲ.

ಬಂದರಿನಲ್ಲಿ ಪಕ್ಕದ ಒಣಮೀನಿನ ಅಂಗಡಿಯ ತಿಮ್ಮಪ್ಪಣ್ಣನಿಗೆ ಮಾತ್ರ ಇಲಿಗಳ ಗುಟ್ಟು ಗೊತ್ತಿತ್ತು. ಅವನು ಪೆಟ್ಟಿಗೆಯೊಳಗೆ ಬಗ್ಗಿ ನೋಡಿ, ದೋಣಿ ಕಟ್ಟುವವನ ಗಾಂಭೀರ್ಯದಿಂದ ಹೇಳಿದ: "ಬ್ಯಾರಿಗಳೇ, ಗಿಡ್ಡದ್ದು ಬೇಕು ಮಾರಾಯ್ರೆ. ಭಾರದ್ದು ಬೇಕು. ಹಲ್ಲು ಹೋಗಬಾರದು, ಒದ್ದರೆ ಮಗುಚಬಾರದು. ಅಂಥದ್ದು ನಿಮ್ಮಲ್ಲಿ ಎಂತ ಉಂಟು?"

ಉಂಟು ಎಂದು ನನಗೆ ತಕ್ಷಣ ಹೊಳೆಯಿತು. ಹೊಳೆಯಬಾರದಿತ್ತು!

ಆಗ ಸೇರು, ಪಾವು ಹೋಗಿ ಲೀಟರು ಬಂದ ಹೊಸತು. ಅಳತೆಯ ಇನ್‌ಸ್ಪೆಕ್ಟರು ಅಂಗಡಿ ಅಂಗಡಿಗೆ ಬಂದು ಹಳೆಯ ಪಾತ್ರೆಗಳನ್ನೆಲ್ಲ ತೆಗೆದುಕೊಂಡು ಹೋಗಿದ್ದರು. ನಾನೂ ಎಲ್ಲ ಒಪ್ಪಿಸಿ ಮುಚ್ಚಳಿಕೆ ಬರೆದುಕೊಟ್ಟಿದ್ದೆ. "ಇನ್ನು ಮುಂದೆ ನನ್ನ ಅಂಗಡಿಯಲ್ಲಿ ಹಳೆಯ ಅಳತೆಯ ಒಂದೇ ಒಂದು ಪಾತ್ರೆ ಕಂಡುಬಂದರೂ ನನ್ನ ಲೈಸೆನ್ಸು ರದ್ದುಪಡಿಸಲು ಈ ಮೂಲಕ ಸಂಪೂರ್ಣ ಸಮ್ಮತಿ ಇದೆ." ಕೆಳಗೆ ನನ್ನ ರುಜು. ರುಜು ಹಾಕುವಾಗ ನನ್ನ ಬೆನ್ನ ಹಿಂದಿನ ಹುಲ್ಲು ಸುತ್ತಿದ ಅಕ್ಕಿ ಮುಡಿಗಳ ಸಂದಿಯಲ್ಲಿ ಅಜ್ಜನ ಹಿತ್ತಾಳೆಯ ಪಾವು ಬೆಚ್ಚಗೆ ಕುಳಿತಿತ್ತು.

ಅದನ್ನು ಕೊಡಲು ನನಗೆ ಮನಸ್ಸು ಬರಲಿಲ್ಲ. ಬಂದರಿನಲ್ಲಿ ಅಳತೆಯ ಜಗಳವಾದರೆ "ಬ್ಯಾರಿಯ ಪಾವು ತನ್ನಿ" ಎನ್ನುವ ಕಾಲವೊಂದಿತ್ತಂತೆ. ಅಜ್ಜ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ಕೈಯನ್ನು ತಮ್ಮ ಕೈಯೊಳಗೆ ಹಿಡಿದು, ಅದರಲ್ಲೇ ಅಕ್ಕಿ ಅಳೆಯಲು ಕಲಿಸಿದ್ದರು.

ಆ ಪಾವು ಇಲಿಗಳಿಗೆ ಹೇಳಿ ಮಾಡಿಸಿದಂತಿತ್ತು. ಮಗುಚಲಿಲ್ಲ, ಒಡೆಯಲಿಲ್ಲ, ಹೂತು ಹೋಗಲಿಲ್ಲ. ಎರಡು ವಾರ ನನ್ನ ಬುದ್ಧಿವಂತಿಕೆಯನ್ನು ನಾನೇ ಮೆಚ್ಚಿಕೊಂಡೆ. ಅಕ್ಕಿ ಮುಗಿದ ಮೇಲೂ ಇಲಿಗಳು ಅದರ ತಳವನ್ನು ಕರಕರ ಕೆರೆಯುತ್ತಿದ್ದವು. ಊಟ ಅಷ್ಟು ರುಚಿಯಾಗಿದೆ ಎಂದು ಭಾವಿಸಿ ಸಂತೋಷಪಟ್ಟೆ.

ಒಂದು ದಿನ ಬೆಳಿಗ್ಗೆ ಇನ್‌ಸ್ಪೆಕ್ಟರು ಬಂದರು. ಅಂಗಡಿಯಲ್ಲಿ ಮಣ್ಣಗುಡ್ಡೆಯಿಂದ ತಿಂಗಳ ಅಕ್ಕಿಗೆ ಬಂದ ಒಬ್ಬ ಅಮ್ಮ ಇದ್ದರು. ತಿಮ್ಮಪ್ಪಣ್ಣ ಸುಮ್ಮನೆ ಮಾತಾಡಲು ಬಂದು ನಿಂತಿದ್ದ. ಇನ್‌ಸ್ಪೆಕ್ಟರು ಲೀಟರನ್ನು ಎತ್ತಿ ಮುದ್ರೆ ನೋಡಿ, "ಎಲ್ಲ ಸರಿ ಉಂಟು," ಎಂದು ಬೂಟು ಟಪಟಪ ಮಾಡುತ್ತಾ ತಿರುಗಿದರು. ಬೂಟಿನ ಸದ್ದಿಗೆ ಇಲಿ ಹೆದರಿತು. ಹೆದರಿ ಹಿಂಗಾಲಿನಲ್ಲಿ ಕುಟ್ಟಿತು. ನೆಲ ಕುಟ್ಟಿದ್ದರೆ ತೊಂದರೆ ಇರಲಿಲ್ಲ. ಅದು ಪಾವಿನೊಳಗೆ ಕುಳಿತಿತ್ತು!

ಟಣ್, ಟಣ್, ಟಣ್! ಸದ್ದು ನಿಲ್ಲಲೇ ಇಲ್ಲ.

"ಅದೆಂತ ಸದ್ದು?"

ಇಲಿ ಎಂದರೆ ಗಿರಾಕಿ ಹೋಗುತ್ತದೆ. ಪಾವು ಎಂದರೆ ಲೈಸೆನ್ಸು ಹೋಗುತ್ತದೆ. "ಗಡಿಯಾರ ಸಾರ್," ಎಂದೆ.

"ಈಗ ಹತ್ತೂವರೆ. ನಿಮ್ಮ ಗಡಿಯಾರ ಆಗಲೇ ಹದಿನೈದು ಹೊಡೆಯಿತು!"

ಅವರು ಬಗ್ಗಿ ಪೆಟ್ಟಿಗೆಯನ್ನು ಹೊರಗೆ ಎಳೆದರು. ಪಾವಿನೊಳಗೆ ಇಲಿ ಎದ್ದು ನಿಂತು, ಮುಂಗಾಲು ಜೋಡಿಸಿ, ಸರಕಾರಕ್ಕೆ ಮರ್ಯಾದೆ ಸಲ್ಲಿಸಿತು.

"ಅಯ್ಯೋ ದೇವರೇ! ಇಲಿಗಳಿಗೆ ಬಡಿಸಿ ಮಿಕ್ಕಿದ್ದನ್ನಾ ನಮಗೆ ಅಳೆಯುವುದು?" ಎಂದು ಮಣ್ಣಗುಡ್ಡೆಯ ಅಮ್ಮ ಚೀಲ ಎತ್ತಿಕೊಂಡರು. ಆದರೂ ಹೋಗಲಿಲ್ಲ, ಪೂರ್ತಿ ನೋಡಿಯೇ ಹೋಗುವವರ ಹಾಗೆ ನಿಂತರು. ಬೀದಿಯ ಇನ್ನೂ ಐದಾರು ಮಂದಿ ಬಾಗಿಲಿಗೆ ಬಂದರು.

"ಮುಚ್ಚಳಿಕೆ ಬರೆದವರು ನೀವೇ ಅಲ್ಲವಾ?" ಎಂದರು ಇನ್‌ಸ್ಪೆಕ್ಟರು. ಇಲಿಯನ್ನು ಸರಿಸಿ ಪಾವನ್ನು ಬೋರಲು ಹಾಕಿ ಮೇಜಿಗೆ ತಟ್ಟಿದರು. ಉಮಿ ಬಿತ್ತು, ಮರಳು ಬಿತ್ತು, ಕೊನೆಗೆ ಟಪ್ಪೆಂದು ಒಂದು ಕಪ್ಪು ಬಿಲ್ಲೆ ಬಿತ್ತು. ಪಾವಿನ ತಳಕ್ಕೆ ಅಂಟಿಸಿದ್ದ ಅರಗು. ಅದರ ಅಂಚಿನ ಸುತ್ತ ಇಲಿಗಳ ಹಲ್ಲಿನ ಗುರುತು!

ಅಳತೆಯ ತಳದಲ್ಲಿ ಅರಗು ಅಂದರೆ ಏನೆಂದು ಬಂದರಿನವರಿಗೆ ಯಾರೂ ವಿವರಿಸಬೇಕಾಗಿಲ್ಲ. ತಳ ಮೇಲೆ ಬಂದಷ್ಟು ಅಕ್ಕಿ ವ್ಯಾಪಾರಿಗೆ ಉಳಿಯುತ್ತದೆ.

"ಇದು ಎಂತ?" ಎಂದರು ಇನ್‌ಸ್ಪೆಕ್ಟರು.

"ನಾನಲ್ಲ ಸಾರ್!" ಎಂದೆ. "ನನ್ನ ಅಜ್ಜ!"

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಗಾಬರಿಯಾದ ನಾಲಗೆಗೆ ಕಡಿವಾಣ ಎಲ್ಲಿ? "ಅಜ್ಜ ಸ್ವಲ್ಪ ಹಾಗೆಯೇ ಇದ್ದರು ಸಾರ್! ಮನೆಯಲ್ಲೂ ಎಲ್ಲರಿಗೂ ಅನುಮಾನ ಇತ್ತು. ನಾನು ಅವರನ್ನು ಸರಿಯಾಗಿ ನೋಡಿದ್ದೂ ಇಲ್ಲ!" ಎಂದುಬಿಟ್ಟೆ. ತೊಡೆಯ ಮೇಲೆ ಕೂರಿಸಿ ಅಳೆಯಲು ಕಲಿಸಿದ ಮನುಷ್ಯನನ್ನು ಕಳ್ಳನನ್ನಾಗಿ ಮಾಡಲು ನನಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

ಇನ್‌ಸ್ಪೆಕ್ಟರು ಆ ಬಿಲ್ಲೆಯನ್ನು ಕರವಸ್ತ್ರದಲ್ಲಿ ಉಜ್ಜಿದರು. ಬೆಳಕಿಗೆ ಹಿಡಿದರು. ಮತ್ತೆ ಉಜ್ಜಿದರು. ಆಮೇಲೆ ಅದನ್ನು ಪಾವಿನ ತಳಕ್ಕೆ ಮತ್ತೆ ಒತ್ತಿ ಕೂರಿಸಿ, ತಮ್ಮ ಚೀಲದಿಂದ ಒಂದು ಅಳತೆಯ ಪಾತ್ರೆ ತೆಗೆದು ನೀರು ಹೊಯ್ದು ನೋಡಿದರು.

"ಈ ಅರಗಿನ ಮೇಲೆ ಹಳೇ ಕಾಲದ ಸರಕಾರಿ ಮುದ್ರೆ ಉಂಟು," ಎಂದರು ನಿಧಾನವಾಗಿ. "ಪಾವು ಮಾಡುವಾಗಲೇ ಸ್ವಲ್ಪ ದೊಡ್ಡದಾಗಿದೆ. ನಿಮ್ಮ ಅಜ್ಜ ಅದನ್ನು ಆಫೀಸಿಗೆ ಕೊಂಡುಹೋಗಿ, ಅರಗು ಹಾಕಿಸಿ, ಸರಿ ಮಾಡಿಸಿ, ಮುದ್ರೆ ಒತ್ತಿಸಿಕೊಂಡು ಬಂದಿದ್ದಾರೆ. ಅಳತೆ ಸರಿಯಾಗಿ ಉಂಟು. ಇಲಿ ತಿಂದಷ್ಟು ಮಾತ್ರ ವ್ಯತ್ಯಾಸ."

ಎಲ್ಲರೂ ಪಾವನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಪೆಟ್ಟಿಗೆಯೊಳಗಿನ ಇಲಿಗಳೂ ನನ್ನನ್ನೇ ನೋಡುತ್ತಿದ್ದವು ಎಂದು ನನ್ನ ನಂಬಿಕೆ.

ತಿಮ್ಮಪ್ಪಣ್ಣ ಕೆಮ್ಮಿದ. "ನನ್ನ ಅಜ್ಜಿ ಸಾಯುವವರೆಗೆ ಈ ಪಾವಿನ ಅಕ್ಕಿಯನ್ನೇ ಉಂಡದ್ದು. ಅವರಿಗೆ ಒಂದು ದಿನವೂ ಅನುಮಾನ ಬರಲಿಲ್ಲ ಬ್ಯಾರಿಗಳೇ. ನಿಮಗೆ ಬಂತಲ್ಲ!"

ಅಜ್ಜನ ಮುದ್ರೆಯ ಮುಖ ನೋಡಿ ಇನ್‌ಸ್ಪೆಕ್ಟರು ಮುಚ್ಚಳಿಕೆಯ ಮಾತು ಮತ್ತೆ ಎತ್ತಲಿಲ್ಲ, ಲೈಸೆನ್ಸು ಉಳಿಯಿತು. "ಇದರಲ್ಲಿ ವ್ಯಾಪಾರ ಮಾಡಿದ್ದೀರಾ?" ಎಂದು ಕೇಳಿದಾಗ, "ಇಲ್ಲ ಸಾರ್, ಇಲಿಗಳಿಗೆ ಧರ್ಮಾರ್ಥ," ಎಂದೆ. ಅವರ ಪುಸ್ತಕದಲ್ಲಿ ಇಲಿಗಳ ವಿಚಾರವಾಗಿ ಯಾವ ಕಲಮೂ ಇರಲಿಲ್ಲ. ಪಾವನ್ನು ಮಾತ್ರ ಜಪ್ತಿ ಮಾಡಿ ರಶೀದಿ ಕೊಟ್ಟರು: "ಹಿತ್ತಾಳೆ ಪಾವು ಒಂದು, ಮುದ್ರೆಯ ಅರಗು ಸಹಿತ, ಅಂಚಿನಲ್ಲಿ ಕಚ್ಚಿದ ಗುರುತು." ಅಜ್ಜನ ಪಾವು ಇನ್‌ಸ್ಪೆಕ್ಟರರ ಚೀಲದಲ್ಲಿ ಬೀದಿಯ ತಿರುವು ದಾಟುವವರೆಗೆ ನೋಡುತ್ತಾ ನಿಂತೆ. ಅದು ಹೋದದ್ದಕ್ಕೆ ಬೇರೆ ಯಾರ ಹೆಸರೂ ಹೇಳುವಂತಿರಲಿಲ್ಲ.

ಮರುದಿನ ಬೀಫಾತಿಮ ಅಂಗಡಿಗೆ ಬಂದಳು. ಊರೇ ಮಾತಾಡುವ ಇಲಿಗಳನ್ನು ಒಮ್ಮೆ ನೋಡಬೇಕಂತೆ. ಅವುಗಳ ಮುಂದೆ ಆಗ ಯಾವ ಪಾತ್ರೆಯೂ ಇರಲಿಲ್ಲ. ಅವಳು ಒಂದು ಹಿಡಿ ಅಕ್ಕಿ ತೆಗೆದು ಮರಳಿನ ಮೇಲೆ ಸುಮ್ಮನೆ ಚೆಲ್ಲಿದಳು. ಇಲಿಗಳು ಒಂದೊಂದೇ ಕಾಳು ಹೆಕ್ಕಿ, ಎರಡೂ ಕೈಯಲ್ಲಿ ಹಿಡಿದು, ಬಹಳ ಶಿಸ್ತಿನಿಂದ ಉಂಡವು.

"ಬಟ್ಟಲು ಬೇಕೆಂದು ಇವು ಕೇಳಿದ್ದವಾ?" ಎಂದಳು.

ನಾನು ಮೇಜಿನ ಮೇಲಿನ ಲೀಟರನ್ನು ಒರೆಸತೊಡಗಿದೆ.

"ಅಜ್ಜನನ್ನು ಕಳ್ಳ ಅಂದಿರಂತೆ."

"ಗಾಬರಿಯಲ್ಲಿ ಬಾಯಿ ತಪ್ಪಿ ಬಂತು," ಎಂದೆ. "ಇನ್ನು ಜನ್ಮದಲ್ಲಿ ನನ್ನ ತಪ್ಪನ್ನು ಬೇರೆಯವರ ಮೇಲೆ ಹಾಕುವುದಿಲ್ಲ."

"ಒಳ್ಳೆಯದು," ಎಂದಳು ಬೀಫಾತಿಮ. "ಬೀರುವಿನಲ್ಲಿ ಸಾಸರು ಐದೇ ಉಂಟು. ಆರನೆಯದ್ದನ್ನು ಒಡೆದದ್ದು ಯಾರು?"

ಅವಳ ಮಾತು ಮುಗಿಯುವ ಮೊದಲೇ ನನ್ನ ಬೆರಳು ಪೆಟ್ಟಿಗೆಯ ಕಡೆಗೆ ಎದ್ದಿತ್ತು.

"ಇಲಿಗಳು!" ಎಂದೆ.