ಬಾಗಿಲಲ್ಲಿ ಸಿಕ್ಕಿಕೊಂಡ ವಾದ್ಯವೃಂದ

"ಅರವತ್ತರ ದಶಕದಲ್ಲಿ ಕಳೆದುಹೋದ ಆ ಆಲ್ಬಮ್ಮನ್ನ ನಾನು ಮತ್ತೆ ಹುಟ್ಟಿಸ್ತೀನಿ" ಎಂದು ನಾನು ಘೋಷಿಸಿದ್ದು ಒಂದು ಬೆಳಿಗ್ಗೆ, ಅರ್ಧ ಗಡ್ಡ ಕೆರೆದುಕೊಂಡ ಸ್ಥಿತಿಯಲ್ಲಿ. ಮಹಾಸಂಕಲ್ಪಗಳಿಗೆ ಅದೇ ಒಳ್ಳೆಯ ಹೊತ್ತು. ಕೈಯಲ್ಲಿ ಬ್ಲೇಡಿರುವವನಿಗೆ ಯಾರೂ ಎದುರಾಡುವುದಿಲ್ಲ.

ನನ್ನ ಹೆಂಡತಿ ಎದುರಾಡಿದಳು.

"ನಿಮಗೆ ಸಂಗೀತ ಬರುತ್ತಾ?"

"ಬರಲ್ಲ. ಬರೋರೆಲ್ಲ ನಿನ್ನ ಹತ್ರ ಇದಾರಲ್ಲ."

ಅವಳು ಸಂಗೀತದ ಟೀಚರು. ಶಾಲೆ ಮುಗಿದ ಮೇಲೆ ದೊಡ್ಡವರದ್ದೊಂದು ಹವ್ಯಾಸಿ ವಾದ್ಯವೃಂದವನ್ನೂ ನಡೆಸುತ್ತಾಳೆ. ನಾನು ಮನೆಗಳ ನಕ್ಷೆ ಬರೆಯುವ ಕಚೇರಿಯಲ್ಲಿದ್ದೇನೆ. ಗೋಡೆ ಎಲ್ಲಿ, ಕಿಟಕಿ ಎಲ್ಲಿ, ಬಾಗಿಲು ಎಷ್ಟಗಲ ಎಂದು ಹೇಳುವುದು ನನ್ನ ಕಸುಬು. ಇದನ್ನು ಈಗಲೇ ಹೇಳಿಬಿಡುವುದು ವಾಸಿ. ಆಮೇಲೆ ಹೇಳಲು ನಾಚಿಕೆಯಾಗುತ್ತದೆ.

ಆಲ್ಬಮ್ಮು ನನ್ನ ಮಾವನದು. ಹೆಂಡತಿಯ ಅಪ್ಪ ಹರೆಯದಲ್ಲಿ ಒಂದು ರಾಕ್ ಬ್ಯಾಂಡಿನಲ್ಲಿ ಗಿಟಾರು ಬಾರಿಸುತ್ತಿದ್ದರು. ಬ್ಯಾಂಡಿನ ಹೆಸರು 'ಒದ್ದೆ ಕೊಡೆಗಳು'. ನಾಲ್ಕು ಜನ, ನಾಲ್ವರಿಗೂ ಕಣ್ಣು ಮುಚ್ಚುವಷ್ಟು ಕೂದಲು. ಈಗ ಮಾವನ ತಲೆ ನುಣ್ಣಗಿದೆ. ಆ ಕಾಲದ ಫೋಟೋ ನೋಡಿದರೆ, ಜೀವಮಾನದ ಕೂದಲನ್ನೆಲ್ಲ ಆಗಲೇ ಮುಂಗಡವಾಗಿ ಖರ್ಚು ಮಾಡಿಬಿಟ್ಟಿದ್ದಾರೆ ಅನ್ನಿಸುತ್ತದೆ. ಬ್ಯಾಂಡು ಒಡೆಯುವ ಮುಂಚೆ ಅವರು ಮಾಡಿದ ಕೊನೆಯ ಆಲ್ಬಮ್ಮು 'ಬಿಸಿಲಿಗೆ ಹರವಿದ್ದು'. ಬರೀ ಗಿಟಾರು, ಡ್ರಮ್ಮು ಅಲ್ಲ. ಪಿಟೀಲು, ಚೆಲ್ಲೋ, ಕೊಳಲು, ಟ್ರಂಪೆಟ್ ಎಲ್ಲ ಸೇರಿದ ದೊಡ್ಡ ವಾದ್ಯವೃಂದ. ಅದರ ಟೇಪು ಕಳೆದುಹೋಯಿತಂತೆ. ಎಲ್ಲಿ, ಹೇಗೆ ಎಂದು ಕೇಳಿದರೆ ಮಾವ ಗಾಳಿಯಲ್ಲಿ ಕೈಯಾಡಿಸಿ "ಹೋಯ್ತು" ಎನ್ನುತ್ತಿದ್ದರು. ಪಕ್ಕದಲ್ಲಿ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಅತ್ತೆ ತೀರಿಕೊಂಡ ಮೇಲೆ ಮಾವ ನಮ್ಮ ಮನೆಗೆ ಬಂದರು. ಜೊತೆಗೆ ಬಂದ ಗಿಟಾರು ಚೀಲದ ಸಮೇತ ಬೀರುವಿನ ಮೇಲೆ ಮಲಗಿತು. ಮಾವ ದಿನವಿಡೀ ರೇಡಿಯೋ ಪಕ್ಕ ಕೂರುತ್ತಿದ್ದರು, ಆದರೆ ಹಾಕುತ್ತಿರಲಿಲ್ಲ.

"ಮಾವ, ರೇಡಿಯೋ ಹಾಕ್ಲಾ?"

"ಬೇಡ, ಹೀಗೇ ಚೆನ್ನಾಗಿದೆ."

ನನ್ನ ಹೆಂಡತಿ ಅಡುಗೆಮನೆಯಿಂದ ಇದನ್ನು ನೋಡುತ್ತ ಈರುಳ್ಳಿ ಹೆಚ್ಚದ ಹೊತ್ತಿನಲ್ಲೂ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದನ್ನು ಕಂಡೇ ನನ್ನೊಳಗಿನ ವೀರ ಎದ್ದು ಕುಳಿತದ್ದು.

ಮೊದಲು ಸಂಶೋಧನೆ ನಡೆಸಿದೆ.

"ಮಾವ, ಮೊದಲನೇ ಹಾಡು ಹೇಗೆ ಶುರುವಾಗ್ತಿತ್ತು?"

"ನಿಧಾನಕ್ಕೆ."

"ವಾದ್ಯ ಯಾವ್ದು?"

"ಪಿಟೀಲು."

"ಎಷ್ಟು?"

"ಬೇಕಾದಷ್ಟು."

ಇಷ್ಟೇ ಆಧಾರವಿಟ್ಟುಕೊಂಡು ಇತಿಹಾಸಕಾರರು ಸಾಮ್ರಾಜ್ಯಗಳನ್ನೇ ಕಟ್ಟಿದ್ದಾರೆ. ನನಗೊಂದು ಆಲ್ಬಮ್ಮು ಯಾವ ಲೆಕ್ಕ? ಕಚೇರಿಯಲ್ಲಿ ಕೂತು ಅದಕ್ಕೊಂದು ನಕ್ಷೆ ಬರೆದೆ. ಮುಂದುಗಡೆ ಪಿಟೀಲಿನ ವರಾಂಡ, ನಡುವೆ ಗಿಟಾರಿನ ಹಜಾರ, ಹಿಂದೆ ಟ್ರಂಪೆಟ್ಟಿನ ಹಿತ್ತಲು. ಇನ್ನು ಬೇಕಾದದ್ದು ಧಾಟಿ. ಅದಕ್ಕೂ ನನ್ನ ಹತ್ತಿರ ಸುಳಿವಿತ್ತು. ಮಾವ ದಿನಾ ಬೆಳಿಗ್ಗೆ ಬಚ್ಚಲಲ್ಲಿ ಒಂದೇ ಧಾಟಿಯನ್ನು ಗುನುಗುತ್ತಿದ್ದರು. ಹಗಲೆಲ್ಲ ಮೂಕರಾಗಿರುವ ಮನುಷ್ಯ ಅದೊಂದನ್ನು ಮಾತ್ರ ಬಿಟ್ಟಿರಲಿಲ್ಲ ಎಂದರೆ ಏನರ್ಥ? ಕಳೆದುಹೋದದ್ದು ಟೇಪು, ಹೃದಯದಲ್ಲಿದ್ದದ್ದು ಹಾಗೇ ಇದೆ ಎಂದರ್ಥ. ನಾನು ಫೋನು ಹಿಡಿದು ಬಚ್ಚಲ ಬಾಗಿಲಿಗೆ ಅಂಟಿಕೊಂಡೆ.

"ಏನ್ರೀ ಇದು? ನಮ್ಮಪ್ಪ ಒಳಗಿದಾರೆ" ಎಂದಳು ಹೆಂಡತಿ.

"ಅಪ್ಪ ಮಾತ್ರ ಅಲ್ಲ ಕಣೇ, ಅರವತ್ತರ ದಶಕ ಒಳಗಿದೆ."

ಅವಳು ಹಣೆ ಚಚ್ಚಿಕೊಂಡಳು. ಆದರೆ ಸಂಜೆ ಆ ಗುನುಗನ್ನು ಕೇಳಿಸಿಕೊಂಡು, ಯಾವ ವಾದ್ಯಕ್ಕೆ ಯಾವ ಸ್ವರ ಎಂದು ಹಂಚಿ ಬರೆಯಲು ಕೂತವಳೂ ಅವಳೇ. ಬರೆಯುತ್ತ ಬರೆಯುತ್ತ ಅವಳ ಕಾಲು ತಾನಾಗಿ ತಾಳ ಹಾಕತೊಡಗಿತು.

ರಜೆಯ ದಿನ ಮಾವ ಕ್ಷೌರದಂಗಡಿಗೆ ಹೋಗುವ ವಾಡಿಕೆ. ಕ್ಷೌರಕ್ಕಲ್ಲ, ಅಲ್ಲಿನ ಪೇಪರು ಓದುವುದಕ್ಕೆ. ಅವರು ಮೆಟ್ಟಿಲಿಳಿದು ಮರೆಯಾದದ್ದೇ ತಡ, ಮೂರನೇ ಮಹಡಿಯ ನಮ್ಮ ಮನೆಗೆ ವಾದ್ಯವೃಂದ ಹತ್ತಿ ಬಂತು. ಆಳೆತ್ತರದ ಪಿಟೀಲಿನಂಥ ಚೆಲ್ಲೋ ಹೊತ್ತ ಹಲ್ಲಿನ ಡಾಕ್ಟರು. ಟ್ರಂಪೆಟ್ ಹಿಡಿದ ನಿವೃತ್ತ ಪೋಸ್ಟ್‌ಮ್ಯಾನು. ಪಿಟೀಲಿಗೆ ಟೈಲರಮ್ಮ ಮತ್ತು ಅವರ ಮೂವರು ಗೆಳತಿಯರು. ಹಜಾರದಲ್ಲಿ ಜನ ಹಿಡಿದರೆ ಚೆಲ್ಲೋ ಹಿಡಿಯದು, ಚೆಲ್ಲೋ ಹಿಡಿದರೆ ಡಾಕ್ಟರು ಹಿಡಿಯರು. ಟ್ರಂಪೆಟ್ಟನ್ನು ಬಚ್ಚಲಿಗೆ ಕಳಿಸುವುದೆಂದಾಯಿತು. ಅಲ್ಲಿ ಸದ್ದು ಚೆನ್ನಾಗಿ ಮೊಳಗುತ್ತದೆ. ಆಮೇಲೂ ಜಾಗ ಸಾಲಲಿಲ್ಲ.

"ಸೋಫಾ ಆಚೆ ಹಾಕೋಣ" ಎಂದೆ.

"ಬಾಗಿಲಲ್ಲಿ ಹಿಡಿಯುತ್ತಾ? ಅಳತೆ ನೋಡಿ" ಎಂದಳು ಹೆಂಡತಿ.

"ನಕ್ಷೆ ಬರೆಯೋನಿಗೆ ಅಳತೆ ಹೇಳಿಕೊಡ್ತೀಯಾ? ಕಣ್ಣಳತೆ ಸಾಕು."

ನಾನು ಹೊರಗಿನಿಂದ ಎಳೆದೆ. ಒಳಗಿನಿಂದ ಡಾಕ್ಟರೂ ಪೋಸ್ಟ್‌ಮ್ಯಾನೂ ನೂಕಿದರು. ಅರ್ಧ ದಾರಿಯವರೆಗೆ ಸೋಫಾ ಹೇಳಿದ ಮಾತು ಕೇಳಿತು. ಆಮೇಲೆ ನಾನು "ಎಡಕ್ಕೆ" ಎಂದೆ. ನನ್ನ ಎಡ ಅವರ ಬಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಗರಕ್ ಎಂದು ಸದ್ದಾಗಿ, ಸೋಫಾ ಓರೆಯಾಗಿ ಬಾಗಿಲ ನಡುವೆ ಕಚ್ಚಿ ನಿಂತಿತು. ನಾನು ಹೊರಗೆ, ಮಿಕ್ಕವರೆಲ್ಲ ಒಳಗೆ. ಎಳೆದರೂ ಇಲ್ಲ, ನೂಕಿದರೂ ಇಲ್ಲ.

ಸೋಫಾದ ಬೆನ್ನಿನ ಮೇಲಿಂದ ಹೆಂಡತಿಯ ಮುಖ ಮೂಡಿತು.

"ಊರ ಮನೆಗಳಿಗೆಲ್ಲ ಬಾಗಿಲು ಬರೆದುಕೊಡೋರು ನೀವು. ನಮ್ಮನೇದನ್ನ ಯಾರ ಹತ್ರ ಬರೆಸಿದ್ರಿ?"

"ಪಾರ್ಸೆಲ್ ದೊಡ್ಡದು, ಬಾಗಿಲು ಚಿಕ್ಕದು" ಎಂದರು ಪೋಸ್ಟ್‌ಮ್ಯಾನು ಅನುಭವದ ದನಿಯಲ್ಲಿ. "ಇಂಥದಕ್ಕೆ ನಾವು ಚೀಟಿ ಅಂಟಿಸಿ ವಾಪಸ್ ಹೋಗ್ತಿದ್ವಿ. ಈಗ ವಾಪಸ್ ಹೋಗೋಕೂ ದಾರಿ ಇಲ್ಲ."

ಡಾಕ್ಟರು ಬಗ್ಗಿ ಪರೀಕ್ಷಿಸಿದರು. "ಬುಡ ಸಡಿಲ ಮಾಡಿದ್ರೆ ಬರುತ್ತೆ. ಸ್ವಲ್ಪ ನೋವಾಗಬಹುದು." ಸೋಫಾದ ಒಂದು ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಅಭ್ಯಾಸಬಲದಿಂದ ಅತ್ತಿತ್ತ ಅಲುಗಿಸಿ, ಒಂದೇ ಎಳೆತಕ್ಕೆ ಕಿತ್ತರು. ಕಾಲು ಬಂತು. ಸೋಫಾ ಬರಲಿಲ್ಲ.

"ಬಡಗಿಗೆ ಫೋನ್ ಮಾಡಿದೀನಿ, ಬರ್ತಾರಂತೆ" ಎಂದಳು ಹೆಂಡತಿ.

"ಅಲ್ಲೀವರೆಗೆ ಸುಮ್ಮನೆ ಯಾಕೆ ಕೂರಬೇಕು? ಆ ಕಾಲು ಇಲ್ಲಿ ಕೊಡಿ."

ಕಿತ್ತ ಕಾಲನ್ನು ಹಿಡಿದು ನಾನು ಬಾಗಿಲ ಹೊರಗೆ, ಮೆಟ್ಟಿಲು ಮುಗಿಯುವ ಜಾಗದಲ್ಲಿ ನಿಂತೆ. ಸೋಫಾದ ಆಚೆಗೆ ವಾದ್ಯವೃಂದ, ಈಚೆಗೆ ಅದರ ನಿರ್ದೇಶಕ. "ನೀವು ಕೈಯಾಡಿಸ್ತಾ ಇರಿ, ಯಾರೂ ನೋಡಲ್ಲ" ಎಂದು ಧೈರ್ಯ ತುಂಬಿ ಹೆಂಡತಿ ರೆಕಾರ್ಡಿಂಗ್ ಶುರುಮಾಡಿದಳು.

ಏನು ಹೇಳಲಿ! ಚೆಲ್ಲೋ ಗುಡುಗಿತು. ಪಿಟೀಲುಗಳು ಎದ್ದವು. ಬಚ್ಚಲಿನಿಂದ ಟ್ರಂಪೆಟ್ಟು ರಾಜರ ಮೆರವಣಿಗೆ ಬಂದಂತೆ ಮೊಳಗಿತು. ಡಾಕ್ಟರ ಮುಖದಲ್ಲಿ, ಯಾವುದೋ ಹಳೆಯ ನೆನಪು ಬಂದವರಂಥ ಪರವಶತೆ. ನಾನು ಕಣ್ಣು ಮುಚ್ಚಿ ಸೋಫಾ ಕಾಲನ್ನು ಬೀಸಿದೆ. ಕಣ್ಣು ತೆರೆದಾಗ ಒಂದು ಮೆಟ್ಟಿಲು ಕೆಳಗೆ ಮಾವ ನಿಂತಿದ್ದರು.

"ಅಳಿಯಂದ್ರೇ, ಸೋಫಾಗೆ ಯಾಕೆ ಹೊಡೀತಿದ್ದೀರಿ?"

"ಹೊಡೀತಿಲ್ಲ ಮಾವ. ಕೇಳಿ. ನಿಮ್ಮ ಆಲ್ಬಮ್ಮು. ಮೊದಲನೇ ಹಾಡು."

ಮಾವ ಕಿವಿಗೆ ಕೈಯಿಟ್ಟು ಕೇಳಿದರು. ತುಂಬ ಹೊತ್ತು ಕೇಳಿದರು.

"ಇದು ಹಲ್ಲುಪುಡಿ ಜಾಹೀರಾತಿನ ಹಾಡಲ್ವಾ?" ಎಂದರು.

ಚೆಲ್ಲೋ ನಿಂತಿತು. ಪಿಟೀಲು ನಿಂತಿತು. "ಅದಕ್ಕೇ ನನಗೆ ಅಷ್ಟು ಹಿಡಿಸಿದ್ದು" ಎಂದು ಡಾಕ್ಟರು ಗೊಣಗಿದ್ದು ಸ್ಪಷ್ಟವಾಗಿ ಕೇಳಿಸಿತು. ಸುದ್ದಿ ಮುಟ್ಟದ ಟ್ರಂಪೆಟ್ಟು ಮಾತ್ರ ಬಚ್ಚಲಲ್ಲಿ ಹಲ್ಲುಪುಡಿಯ ಮಹಿಮೆಯನ್ನು ಸಾರುತ್ತಲೇ ಇತ್ತು. ಹೆಂಡತಿ ಹೋಗಿ ಬಾಗಿಲು ಬಡಿದು ನಿಲ್ಲಿಸಿದಳು.

"ದಿನಾ ಬಚ್ಚಲಲ್ಲಿ ಇದನ್ನೇ ಹಾಡ್ತಿದ್ರಲ್ಲ ಮಾವ?"

"ಹಲ್ಲುಜ್ಜೋವಾಗ ಇನ್ನೇನು ಹಾಡ್ಲಿ?"

ಹೆಂಡತಿ ಸೋಫಾದ ಬೆನ್ನಿಗೆ ಗಲ್ಲವಿಟ್ಟಳು. "ಹಾಗಾದ್ರೆ ನಿಜವಾದ ಹಾಡು ಯಾವ್ದಪ್ಪ? ಆ ಟೇಪಲ್ಲಿ ಇದ್ದದ್ದು?"

ಮಾವ ಮೆಟ್ಟಿಲ ಮೇಲೆ ಕೂತರು. "ಟೇಪು ಎಲ್ಲಿತ್ತು ಮಗಳೇ?"

"ಕಳೆದುಹೋಯ್ತು ಅಂತಿದ್ರಿ?"

"ಕಳೆದುಹೋಗೋಕೆ ಮೊದಲು ಇರಬೇಕಲ್ಲ" ಎಂದರು ಮಾವ. "ನಾವು ಕೊಡೆಗಳು ನಾಲ್ಕೇ ಜನ. ನಮಗ್ಯಾರು ವಾದ್ಯವೃಂದ ಕೊಡ್ತಿದ್ರು? ಹಾಗೊಂದು ಆಲ್ಬಮ್ ಮಾಡ್ತೀನಿ ಅಂತ ಮದುವೆಗೆ ಮುಂಚೆ ನಿಮ್ಮಮ್ಮಂಗೆ ಹೇಳಿದ್ದೆ. ಆಗಲಿಲ್ಲ. ಬ್ಯಾಂಡೂ ಹೋಯ್ತು. 'ಆಗದಿದ್ರೆ ಏನಂತೆ, ಇಲ್ಲೇ ಮಾಡೋಣ' ಅಂದ್ಲು ಅವಳು. ರಾತ್ರಿ ಊಟ ಆದ್ಮೇಲೆ ನಾನು ಬಾರಿಸೋದು, ಅವಳು ಹೇಳೋದು. ಇಲ್ಲಿ ಕೊಳಲು ಬರಲಿ, ಇಲ್ಲಿ ಚೆಲ್ಲೋ ಒಬ್ಬನೇ ಅಳಲಿ ಅಂತ. ಸಂಬಳ ತಡವಾದ ತಿಂಗಳು ಎರಡು ಪಿಟೀಲು ಜಾಸ್ತಿ ಹಾಕಿಸೋಳು. ಯಾರಾದ್ರೂ ಟೇಪು ಎಲ್ಲಿ ಅಂದ್ರೆ ಹೋಯ್ತು ಅಂದುಬಿಡಿ ಅಂತ ಹೇಳಿಕೊಟ್ಟೋಳೂ ಅವಳೇ."

ಸೋಫಾದ ಕಾಲನ್ನು ಎಲ್ಲಿಡುವುದೆಂದು ತಿಳಿಯದೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಸಂತೋಷ ಕೊಡುತ್ತೇನೆಂದು ಹೊರಟು, ಗಂಡ ಹೆಂಡತಿಯರ ಖಾಸಗಿ ಸಂಪತ್ತಿಗೆ ಬೀದಿಯ ಜಾಹೀರಾತು ಅಂಟಿಸಿದ್ದೆನಲ್ಲ ಎನ್ನಿಸಿ, ಇದ್ದ ಜಾಗದಲ್ಲೇ ಕುಗ್ಗಿಹೋದೆ.

ಟೈಲರಮ್ಮ ಗಂಟಲು ಸರಿಮಾಡಿಕೊಂಡರು. "ಅಲ್ಲ ಯಜಮಾನ್ರೇ, ಆ ಪಿಟೀಲು ಏನು ಬಾರಿಸ್ತಿತ್ತು ಅಂತ ಹೇಳಿ. ನಾವು ಹೇಗೂ ಬಂದಾಗಿದೆ. ಹೊರಗೆ ಹೋಗೋಕಂತೂ ಆಗಲ್ಲ."

ಮಾವ ಎದ್ದು, ತುದಿಗಾಲಲ್ಲಿ ನಿಂತು, ಸೋಫಾ ಮೇಲಿಂದ ಇಣುಕಿದರು.

"ನಿಜವಾದ ಪಿಟೀಲಾ? ನಾಲ್ಕೂ?"

"ನಾಲ್ಕೂ."

"ಅದು ಚೆಲ್ಲೋನಾ?"

"ಹೌದು ಸಾರ್" ಎಂದರು ಡಾಕ್ಟರು.

"ಹಾಗಾದ್ರೆ ನನ್ನ ಎತ್ತಿ."

ಎಪ್ಪತ್ತೆಂಟರ ಮುದುಕರನ್ನು ಸೋಫಾ ದಾಟಿಸುವುದು ಸಣ್ಣ ಕೆಲಸವಲ್ಲ. ನಾನು ಕೆಳಗಿನಿಂದ ನೂಕಿದೆ, ಪೋಸ್ಟ್‌ಮ್ಯಾನು ಮೇಲಿನಿಂದ ಎಳೆದರು. ಈ ಪಾರ್ಸೆಲ್ ಮಾತ್ರ ಸಲೀಸಾಗಿ ಒಳಗೆ ಸೇರಿತು. ಬೀರುವಿನ ಮೇಲಿನ ಗಿಟಾರು ಕೆಳಗಿಳಿಯಿತು. ಮಾವ ತಂತಿ ಬಿಗಿಮಾಡುತ್ತ ಒಬ್ಬೊಬ್ಬರಿಗೂ ಅವರವರ ಭಾಗವನ್ನು ಹಾಡಿ ತೋರಿಸಿದರು. ಎಲ್ಲವೂ ಬಾಯಿಪಾಠ.

"ಟ್ರಂಪೆಟ್ ಇಲ್ಲಿ ಬೇಡ, ನನ್ನ ಹೆಂಡತಿ ಒಪ್ಪಲ್ಲ" ಎಂದರು ಒಂದು ಕಡೆ, ಅತ್ತೆ ಒಳಗೆಲ್ಲೋ ಇದ್ದಾರೆ ಅನ್ನುವ ಹಾಗೆ. ನನ್ನ ಹೆಂಡತಿ ಕಿಟಕಿಯ ಕಡೆ ತಿರುಗಿ, ನೆಟ್ಟಗಿದ್ದ ಪರದೆಯನ್ನು ನೆಟ್ಟಗೆ ಮಾಡತೊಡಗಿದಳು.

ನಾನೂ ಒಳಗೆ ಹೋಗೋಣವೆಂದು ಸೋಫಾ ಮೇಲೆ ಒಂದು ಕಾಲಿಟ್ಟೆ.

"ಅಳಿಯಂದ್ರೇ, ನೀವು ಅಲ್ಲೇ ಇರಿ" ಎಂದರು ಮಾವ. "ಗಲಾಟೆ ಮಾಡೋರನ್ನ ಸುಮ್ಮನಿರಿಸೋಕೆ ಹೊರಗಡೆ ಒಬ್ರು ಬೇಕು."

ಹಾಡು ಶುರುವಾಯಿತು. ನಿಧಾನಕ್ಕೇ ಶುರುವಾಯಿತು. ಚೆನ್ನಾಗಿತ್ತೋ ಇಲ್ಲವೋ ನಾನು ಹೇಳಲಾರೆ. ಒಬ್ಬ ಹೆಂಗಸು ಅಡುಗೆ ಪಾತ್ರೆ ತೊಳೆದಿಟ್ಟು ಬಂದು ಕೂತು, ಇಲ್ಲದ ವಾದ್ಯಗಳನ್ನು ಒಂದೊಂದಾಗಿ ಕರೆದು ಗಂಡನ ಸುತ್ತ ಕೂರಿಸಿದ ಹಾಗಿತ್ತು. ಸದ್ದು ಕೇಳಿ ಕೆಳಗಿನ ಮನೆಗಳವರು ಹತ್ತಿ ಬರತೊಡಗಿದರು. ಬಾಗಿಲಲ್ಲಿ ನೆಟ್ಟ ಸೋಫಾ ಕಂಡವರಿಗೆಲ್ಲ ಒಂದೊಂದು ಸಲಹೆ. ನಾನು ತುಟಿಗೆ ಬೆರಳಿಟ್ಟು ಒಬ್ಬೊಬ್ಬರನ್ನೂ ಮೆಟ್ಟಿಲ ಮೇಲೆ ಕೂರಿಸಿದೆ. ಗರಗಸ ಹಿಡಿದು ಬಂದ ಬಡಗಿಯನ್ನೂ ಕೂರಿಸಿದೆ.

ಮುಗಿದ ಮೇಲೆ ಹೆಂಡತಿ ರೆಕಾರ್ಡಿಂಗ್ ಹಾಕಿ ಎಲ್ಲರಿಗೂ ಕೇಳಿಸಿದಳು. ಮಾವ ತಲೆ ಬಾಗಿಸಿ ಕೇಳುತ್ತಿದ್ದರು. ಅರ್ಧ ದಾರಿಯಲ್ಲಿ ಹುಬ್ಬೇರಿಸಿದರು.

"ಇದ್ಯಾರು, ಹಿಂದುಗಡೆಯಿಂದ ಮೆತ್ತಗೆ 'ಶ್... ಶ್...' ಅಂತ ಡ್ರಮ್ಮಿನ ಮೇಲೆ ಬ್ರಷ್ಷಾಡಿಸಿ ತಾಳ ಕೊಟ್ಟೋರು? ಇಡೀ ತಂಡದಲ್ಲಿ ತಾಳ ತಪ್ಪದೇ ಇರೋರು ಇವರೊಬ್ರೇ."

"ಅದು ಬ್ರಷ್ ಅಲ್ಲಪ್ಪ" ಎಂದಳು ಹೆಂಡತಿ. "ಇವರು ಜನರನ್ನ ಸುಮ್ಮನಿರಿಸ್ತಿದ್ದದ್ದು."

ಎಲ್ಲರೂ ಸೋಫಾದ ಕಡೆ ತಿರುಗಿದರು. ನಾನು ಎದೆಯುಬ್ಬಿಸಿ, ಕಲಾವಿದರು ಮಾಡುವ ಹಾಗೆ ಬಗ್ಗಿ ನಮಸ್ಕರಿಸಿದೆ. ಬಡಗಿ ಗರಗಸ ಎತ್ತಿಕೊಂಡು, "ಯಜಮಾನ್ರೇ, ಇದನ್ನ ಕೊಯ್ದು ಇವರನ್ನ ಒಳಗೆ ಬಿಡ್ಲಾ?" ಎಂದು ಕೇಳಿದ.

ಮಾವ ಗಿಟಾರನ್ನು ತೊಡೆಯ ಮೇಲೆ ಸರಿಮಾಡಿಕೊಂಡರು.

"ಇವತ್ತು ಬೇಡ ಕಣಪ್ಪ. ಇನ್ನೂ ಹನ್ನೊಂದು ಹಾಡಿದೆ. ಅಳಿಯಂದ್ರು ಒಳಗೆ ಬಂದುಬಿಟ್ರೆ ತಾಳ ಕೆಡುತ್ತೆ."