ಗೆಳತಿಯ ಊರಲ್ಲಿ ಸುಮ್ಮನೆ ಕೂರಲಾರದ ಹದಿನೈದು ದಿನ

ಕೆಲವರಿಗೆ ಸುಮ್ಮನೆ ಕೂತರೆ ನಿದ್ದೆ ಬರುತ್ತದೆ. ನನಗೆ ಸುಮ್ಮನೆ ಕೂರಲು ಬರುವುದಿಲ್ಲ, ಅದಕ್ಕೇ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ತಮಿಳು ಸೀಮೆಯ ನಮ್ಮ ಸಿಂಗಾನಲ್ಲೂರಿನಲ್ಲಿ ಆದರೆ ನಮ್ಮ ಬೀದಿಯವರು ನಗುತ್ತಾರೆ. ಹೋದ ಕ್ರಿಸ್ಮಸ್ಸಿಗೆ ಇಂಗ್ಲೆಂಡಿಗೆ ಹೋಗಿದ್ದೆ, ಅಲ್ಲಿಯವರೂ ನಕ್ಕರು.

ನಾನು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಕೆಲಸಕ್ಕಿದ್ದೇನೆ. ಬೆಳಿಗ್ಗೆ ಕಂಪನಿ ವ್ಯಾನು ಹತ್ತಿದರೆ ಸಂಜೆ ಇಳಿಯುವವರೆಗೆ ನಿಂತೇ ಕೆಲಸ. ಗೆಳತಿ ನನ್ನ ಪಕ್ಕದ ಮನೆಯವಳು. ಎರಡು ಮನೆಗೂ ಒಂದೇ ಗೋಡೆ, ಎರಡೂ ಕಡೆ ಅಪ್ಪಂದಿರು ಮಗ್ಗ ನೇಯುತ್ತಿದ್ದರು. ಮನೆಯೊಳಗೆ ಕನ್ನಡ, ಬೀದಿಗೆ ಇಳಿದರೆ ತಮಿಳು, ನಮ್ಮಿಬ್ಬರ ನಡುವೆ ಎರಡೂ ಕಲಸಿದ್ದು, ಕಣೇ ಅನ್ನುವ ಕಡೆ ಡೀ. ಅವಳು ನರ್ಸಿಂಗ್ ಓದಿ ಇಂಗ್ಲೆಂಡಿಗೆ ಹೋದಳು, ಅಲ್ಲಿಯ ಒಬ್ಬ ಬಸ್ ಡ್ರೈವರನ್ನು ಮದುವೆಯಾದಳು. ಇಪ್ಪತ್ತು ವರ್ಷ ಚೆನ್ನಾಗಿಯೇ ಇದ್ದರು. ಹೋದ ವರ್ಷ ಆತ ಎದೆನೋವು ಬಂದು ತೀರಿಹೋದ. ಮಕ್ಕಳಿಲ್ಲ.

ಅವನು ಹೋದ ವಾರದಲ್ಲೇ ಇವಳು ಅವನ ಬಟ್ಟೆಯನ್ನೆಲ್ಲ ಕಟ್ಟಿ ದಾನದ ಅಂಗಡಿಗೆ ಕೊಟ್ಟುಬಿಟ್ಟಳಂತೆ. ಕಣ್ಣೆದುರು ಇಟ್ಟುಕೊಳ್ಳಲು ಆಗಲಿಲ್ಲ, ಅಷ್ಟೇ. ಅವನ ಹೆತ್ತ ತಾಯಿಯನ್ನು ಒಂದು ಮಾತು ಕೇಳಲಿಲ್ಲ. ಅಲ್ಲಿಂದ ಅತ್ತೆ ಸೊಸೆಗೆ ಮಾತು ನಿಂತಿತು. ಆದರೂ ಕ್ರಿಸ್ಮಸ್ ಊಟಕ್ಕೆ ಅತ್ತೆ ಬರುವುದು ಪದ್ಧತಿ, ಬರುತ್ತೇನೆ ಅಂತ ಹೇಳಿ ಕಳಿಸಿದ್ದರು. ಗೆಳತಿ ಫೋನು ಮಾಡಿದಳು.

"ಹಬ್ಬ ನಮ್ಮನೆಯವರದು ಡೀ. ಅವರಿಲ್ದೆ ನಾನೊಬ್ಬಳೇ ಅತ್ತೆ ಎದುರಿಗೆ ಕೂತು ಹೆಂಗೆ ಉಣ್ಣಲಿ? ನೀ ಬಾ."

ನಾನು ಹದಿನೈದು ದಿನ ರಜೆ ಕೇಳಿದೆ. ಮ್ಯಾನೇಜರು ನನ್ನ ಮುಖವನ್ನೇ ನೋಡಿದರು, ಮೈಗೆ ಹುಷಾರಿಲ್ಲವೇ ಅಂತ ಕೇಳಿದರು.

ಎಂಟು ಪದರ

ಅಲ್ಲಿ ಚಳಿ ಅಂತ ಸುದ್ದಿಯಾದದ್ದೇ ತಡ, ಕಂಪನಿಯ ಹೆಂಗಸರು ಒಬ್ಬೊಬ್ಬರೂ ಒಂದೊಂದು ಬೆಚ್ಚನೆಯ ಸ್ವೆಟರು ತಂದುಕೊಟ್ಟರು. ನಮ್ಮೂರಲ್ಲಿ ಬಟ್ಟೆಗೇನು ಬರ. ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ. ತೂಕ ಉಳಿಯಲಿ ಅಂತ ಎಲ್ಲವನ್ನೂ ಒಂದರ ಮೇಲೊಂದು ಹಾಕಿಕೊಂಡು, ಮೇಲೆ ಸೀರೆ ಸುತ್ತಿಕೊಂಡು ನಮ್ಮೂರ ಹತ್ತಿರದ ಪೀಳಮೇಡಿನ ಏರ್‌ಪೋರ್ಟಿಗೆ ಹೋದೆ. ಆಟೋ ಇಳಿಯುವಷ್ಟರಲ್ಲಿ ಬೆವರು ಕಾಲಿಗೆ ಇಳಿದಿತ್ತು.

ತಪಾಸಣೆಯ ಹುಡುಗಿಗೆ ಅನುಮಾನ ಬಂತು. ಪರದೆಯ ಹಿಂದೆ ಕರೆದುಕೊಂಡು ಹೋಗಿ ಸ್ವೆಟರು ಬಿಚ್ಚಿ ಅಂದಳು. ಬಿಚ್ಚಿದೆ, ಒಳಗೆ ಇನ್ನೊಂದು. ಅದನ್ನೂ ಬಿಚ್ಚಿದೆ. ನಾಲ್ಕನೆಯದಕ್ಕೆ ಅವಳು ಸಂಗಡದವಳನ್ನು ಕರೆದಳು, ಆರನೆಯದಕ್ಕೆ ಕುರ್ಚಿ ಎಳೆದುಕೊಂಡು ಕೂತಳು. ಎಂಟನೆಯದು ಮೇಜಿನ ಮೇಲೆ ಬಿದ್ದಾಗ ನಿಟ್ಟುಸಿರು ಬಿಟ್ಟು ತಮಿಳಿನಲ್ಲಿ ಕೇಳಿದಳು:

"ಒಳಗೆ ನೀವು ಇದ್ದೀರಾ ಅಕ್ಕಾ?"

ಏನು ಕೆಲಸ?

ಅಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ನೋಡುವ ಅಧಿಕಾರಿಯ ಎದುರು ನಿಂತೆ. ಹದಿನೈದು ದಿನ ಏನು ಮಾಡುತ್ತೀರಿ ಅಂತ ಕೇಳಿದ. ಗೆಳತಿ ಮೊದಲೇ ಪಾಠ ಮಾಡಿದ್ದಳು: ಹಬ್ಬಕ್ಕೆ ಬಂದಿದ್ದೇನೆ ಅನ್ನು, ಬಾಯಿ ಮುಚ್ಚು. ಹಬ್ಬಕ್ಕೆ ಅಂದೆ. ಹಬ್ಬ ಒಂದು ದಿನ, ಉಳಿದ ದಿನ ಅಂತ ಕೇಳಿದ. ಆತ ಮರ್ಯಾದೆಯಿಂದ ಕೇಳುವಾಗ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ನನ್ನ ಕಂಪನಿ ಇಂಗ್ಲಿಷಿನಲ್ಲಿ, ನಾನು ಕೆಲಸವಿಲ್ಲದೆ ಕೂರುವವಳಲ್ಲ ಸಾರ್, ಕೆಲಸ ಮಾಡುತ್ತೇನೆ ಅಂದೆ.

ಆತ ಪೆನ್ನು ಕೆಳಗಿಟ್ಟ. ಏನು ಕೆಲಸ? ಯಾವುದಾದರೂ ಸರಿ ಅಂದೆ. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲವಂತೆ. ತಮಿಳು ಬಲ್ಲ ಒಬ್ಬರನ್ನು ಕರೆಸಿದರು, ನನ್ನನ್ನು ಪಕ್ಕದ ಬೆಂಚಿನಲ್ಲಿ ಕೂರಿಸಿದರು. ಹಿಂದಿನ ಸಾಲಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಪಾತ್ರೆ ತೊಳೆಯುವುದು, ಗುಡಿಸುವುದು, ಸಾಂಬಾರು ಮಾಡುವುದು ಅಂತ ವಿವರ ಹೇಳಿದೆ. ಸಂಬಳ ಎಷ್ಟು ಅಂತ ಕೇಳಿಸಿದ. ನನಗೆ ರೇಗಿತು.

"ಗೆಳತಿ ಮನೆ ಪಾತ್ರೆ ತೊಳೆಯೋಕೆ ಯಾರಾದ್ರೂ ಸಂಬಳ ಕೇಳ್ತಾರಾ? ನಿಮ್ಮೂರಲ್ಲಿ ಕೇಳ್ತಾರಾ?"

ಅದನ್ನು ಆತನಿಗೆ ಇಂಗ್ಲಿಷಿನಲ್ಲಿ ಹೇಳಿದರು. ಆತ ಮುದ್ರೆ ಒತ್ತಿದ. ಪಾಸ್‌ಪೋರ್ಟ್ ಕೈಗೆ ಕೊಡುತ್ತಾ, ಹದಿನೈದು ದಿನದಲ್ಲಿ ಒಂದು ಭಾನುವಾರ ಬಿಡುವಿದ್ದರೆ ನಮ್ಮ ಮನೆಗೂ ಬನ್ನಿ, ನನ್ನ ಹೆಂಡತಿ ಕೂಡ ಬಹಳ ಒಳ್ಳೆಯ ಗೆಳತಿ ಅಂದ.

ಬಾಗಿಲಿಗೆ ನೀರು

ಗೆಳತಿಯ ಊರು ಚಿಕ್ಕದು. ಸಂಜೆ ನಾಲ್ಕಕ್ಕೆ ಕತ್ತಲು, ಬೆಳಿಗ್ಗೆ ಎಂಟಾದರೂ ಕತ್ತಲು. ನನಗೆ ಐದಕ್ಕೇ ಎಚ್ಚರ. ಅದು ಮಾರ್ಗಳಿ, ಅಂದರೆ ಧನುರ್ಮಾಸ ಬೇರೆ, ನಮ್ಮ ಕಡೆ ನಸುಕಿನಲ್ಲೇ ಬಾಗಿಲಿಗೆ ನೀರು ಹಾಕಿ ಕೋಲ ಬಿಡಿಸುವ ಕಾಲ. ರಂಗೋಲಿಗೆ ನಾವು ಕೋಲ ಅನ್ನುವುದು. ಎರಡು ದಿನ ಕಿಟಕಿಯಲ್ಲಿ ನಿಂತು ತಡೆದುಕೊಂಡೆ. ಮೂರನೆಯ ದಿನ ಒಂದು ಬಕೆಟ್ ನೀರು ಹೊತ್ತು ಮೆಟ್ಟಿಲಿಗೂ ಗೇಟಿನವರೆಗಿನ ಕಲ್ಲಿಗೂ ಚೆನ್ನಾಗಿ ಹಾಕಿದೆ. ಕೋಲದ ಪುಡಿ ತರಲು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ನೀರೆಲ್ಲ ಮಂಜುಗಡ್ಡೆಯಾಗಿ ಅಂಗಳ ಕನ್ನಡಿಯಾಗಿತ್ತು.

ಗೆಳತಿಯನ್ನು ಎಬ್ಬಿಸಲು ಧೈರ್ಯ ಸಾಲಲಿಲ್ಲ. ಒಂಬತ್ತಕ್ಕೆ ಅಂಚೆಯವನು ಗೇಟು ತೆಗೆದು ಒಂದೇ ಹೆಜ್ಜೆ ಇಟ್ಟ, ಉಳಿದ ದಾರಿಯನ್ನು ಕೂತುಕೊಂಡೇ ಬಂದ. ಗ್ರೀಟಿಂಗ್ ಕಾರ್ಡುಗಳು ಮಾತ್ರ ಕೈಯಲ್ಲಿ ಭದ್ರವಾಗಿದ್ದವು. ಗೆಳತಿ ಓಡಿ ಬಂದು ಅವನ ಕೈಕಾಲು ಮಡಿಸಿ ನೋಡಿದಳು, ಏನೂ ಆಗಿರಲಿಲ್ಲ. ಕಾಫಿ ಕೊಟ್ಟು ಕಳಿಸಿ, ನನ್ನ ಕೈಗೆ ಒಂದು ಉಪ್ಪಿನ ಚೀಲ ಕೊಟ್ಟು, ಇನ್ನು ಮೇಲೆ ಬಾಗಿಲಿಗೆ ಇದು ಮಾತ್ರ, ಇದಕ್ಕೆ ಹಿಮ ಕರಗುತ್ತದೆ ಅಂದಳು.

ಸರಿ, ಮಾರನೆಯ ದಿನ ಉಪ್ಪಿನಲ್ಲೇ ಕೋಲ ಬಿಡಿಸಿದೆ. ಬೆಳಕಾದಾಗ ಬೀದಿ ಎಲ್ಲ ಬೆಳ್ಳಗೆ ಹಿಮ, ನಮ್ಮ ಅಂಗಳದಲ್ಲಿ ಮಾತ್ರ ಚುಕ್ಕಿ, ಎಳೆ ಎಲ್ಲ ಅಚ್ಚು ಹಾಕಿದ ಹಾಗೆ ಕರಗಿ ಕಾಣುತ್ತಿತ್ತು. ಅಂಚೆಯವನು ಗೇಟಿನಲ್ಲೇ ನಿಂತು ಬಹಳ ಹೊತ್ತು ಯೋಚಿಸಿದ. ಕಾಲಿಡಲು ಗುರುತು ಹಾಕಿದ್ದಾರೆ ಅಂತ ತಿಳಿದನೋ ಏನೋ, ಚುಕ್ಕಿಯಿಂದ ಚುಕ್ಕಿಗೆ ನೆಗೆಯುತ್ತಾ ಬಂದು, ಕಾಗದ ಕೊಟ್ಟು, ಹಾಗೆಯೇ ನೆಗೆಯುತ್ತಾ ವಾಪಸು ಹೋದ.

ಬಸ್ಸಿಲ್ಲದ ದಿನ

ಕ್ರಿಸ್ಮಸ್ ಬೆಳಿಗ್ಗೆ ಗೆಳತಿ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಅತ್ತೆ ಬರುವ ಹೊತ್ತು ಹತ್ತಿರ ಬಂದ ಹಾಗೆಲ್ಲ ಸಿಪ್ಪೆ ದಪ್ಪವಾಗಿ ಗಡ್ಡೆ ಸಣ್ಣದಾಗುತ್ತಿತ್ತು. ನಾನು ಒಲೆಯ ಸುತ್ತ ತಿರುಗುತ್ತಿದ್ದೆ. ಸ್ವಲ್ಪ ಹೊತ್ತು ಎಲ್ಲಾದರೂ ಹೋಗಿ ಬಾ ಡೀ ಅಂತ ಅಟ್ಟಿದಳು.

ನಮ್ಮ ಸಿಂಗಾನಲ್ಲೂರಿನಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತರೆ ಸಾಕು, ಮನಸ್ಸಿಗೆ ಸಮಾಧಾನವಾಗುತ್ತದೆ. ಇಲ್ಲೂ ಒಂದು ಬಸ್ ನಿಲ್ದಾಣ ಹುಡುಕಿಕೊಂಡು ನಿಂತೆ. ಅಂಗಡಿ ಎಲ್ಲ ಮುಚ್ಚಿತ್ತು, ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ನಾಯಿ ಹಿಡಿದುಕೊಂಡು ಬಂದ ಒಬ್ಬರು, ಇವತ್ತು ಬಸ್ಸಿಲ್ಲಮ್ಮ ಅಂತ ಹೇಳಿ, ಹಬ್ಬದ ಶುಭಾಶಯ ಹೇಳಿ ಹೋದರು. ಆಮೇಲೆ ಒಬ್ಬ ಅಜ್ಜಿ. ಆಮೇಲೆ ಕಾರು ನಿಲ್ಲಿಸಿ ಒಂದು ಕುಟುಂಬ. ಒಂದು ಗಂಟೆಯಲ್ಲಿ ಒಂಬತ್ತು ಜನ ಬಂದು ಬಸ್ಸಿಲ್ಲ ಅಂತ ಹೇಳಿದರು. ಇಬ್ಬರು ಚಾಕಲೇಟು ಕೊಟ್ಟರು. ಒಬ್ಬರು ಮನೆಗೇ ಊಟಕ್ಕೆ ಕರೆದರು.

ಎಲ್ಲಿ ಹೋಗಿದ್ದೆ ಅಂತ ಗೆಳತಿ ಬೈದಳು. ಬಸ್ಸಿಲ್ಲ ಅಂತ ಮೊದಲನೆಯವರು ಹೇಳಿದಾಗಲೇ ನಿನಗೆ ಗೊತ್ತಾಗಲಿಲ್ಲವೇ ಅಂದಳು.

"ಗೊತ್ತಾಯ್ತು ಡೀ. ಆದ್ರೆ ನಾಲ್ಕು ದಿನದಲ್ಲಿ ನನ್ನ ಹತ್ರ ಯಾರಾದ್ರೂ ಬಂದು ಮಾತಾಡಿದ ಜಾಗ ಅದೊಂದೇ."

ತೋಳಿನ ಅಳತೆ

ಮಧ್ಯಾಹ್ನ ಅತ್ತೆ ಬಂದರು. ಎಂಬತ್ತು ದಾಟಿದ ಸಣಕಲು ಹೆಂಗಸು, ಕೈಯಲ್ಲಿ ಒಂದು ಪೊಟ್ಟಣ. ಅಲ್ಲಿ ಊಟಕ್ಕೆ ಕೂರುವಾಗ ಎಲ್ಲರೂ ಬಣ್ಣದ ಕಾಗದದ ಕಿರೀಟ ಇಟ್ಟುಕೊಳ್ಳಬೇಕು. ಮೂವರೂ ಇಟ್ಟುಕೊಂಡೆವು. ಮೂರು ಜನ ರಾಣಿಯರು. ಚಮಚದ ಸದ್ದು ಮಾತ್ರ. ನಾನು ಎರಡು ಸಲ ಎದ್ದು ನೀರು ತಂದೆ, ಯಾರೂ ಕೇಳದಿದ್ದರೂ ಉಪ್ಪು ತಂದೆ.

ಊಟ ಮುಗಿದ ಮೇಲೆ ಅತ್ತೆ ಪೊಟ್ಟಣವನ್ನು ಸೊಸೆಯ ಮುಂದೆ ಸರಿಸಿದರು. ಒಳಗೆ ಕೈಯಲ್ಲಿ ಹೆಣೆದ ಬೂದು ಬಣ್ಣದ ಉಣ್ಣೆಯ ಸ್ವೆಟರು. ಮಗನಿಗೆ ಅಂತ ಶುರುಮಾಡಿದ್ದಂತೆ, ಅರ್ಧವಾಗಿದ್ದಾಗ ಅವನು ಹೋದ. ಅರ್ಧಕ್ಕೆ ಬಿಡಲು ಮನಸ್ಸು ಬಾರದೆ ಮುಗಿಸಿದೆ ಅಂದರು. ಗೆಳತಿ ಅದನ್ನು ಮುಟ್ಟಲಿಲ್ಲ, ತಟ್ಟೆಯನ್ನೇ ನೋಡುತ್ತಾ ಕೂತಳು. 

ಕಂಪನಿಯಲ್ಲಿ ನನ್ನದು ಚೆಕಿಂಗ್ ಸೆಕ್ಷನ್. ಹೊಲಿದು ಬಂದ ಪ್ರತಿ ಪೀಸನ್ನೂ ತಿರುವಿಹಾಕಿ, ಹೊಲಿಗೆ ನೋಡಿ, ಅಳತೆ ಹಿಡಿದು, ತಪ್ಪಿದ್ದರೆ ಪಕ್ಕಕ್ಕೆ ಎಸೆಯುವ ಕೆಲಸ. ಎದುರಿಗೆ ಬಟ್ಟೆ ಬಿದ್ದರೆ ಕೈ ನನ್ನ ಮಾತು ಕೇಳುವುದಿಲ್ಲ. ಸ್ವೆಟರನ್ನು ಎಳೆದುಕೊಂಡು ಒಳಹೊರಗು ಮಾಡಿದೆ. ಹೆಣಿಗೆ ಬಹಳ ಚೆನ್ನಾಗಿತ್ತು. ತೋಳು ಎರಡನ್ನೂ ಜೋಡಿಸಿ ಹಿಡಿದೆ. ಎಡಗಡೆಯದು ಒಂದೂವರೆ ಇಂಚು ಕಡಿಮೆ.

"ಎಡತೋಳು ಗಿಡ್ಡ ಆಗಿದೆ ಡೀ," ಅಂದುಬಿಟ್ಟೆ.

ಗೆಳತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಅತ್ತೆ ನನ್ನ ಕೈಯನ್ನೇ ನೋಡುತ್ತಿದ್ದರು, ಏನು ಹೇಳಿದಳು ಅಂತ ಕೇಳಿದರು. ಏನಿಲ್ಲ ಅಂದಳು ಇವಳು. ಅತ್ತೆ ಬಿಡಲಿಲ್ಲ. ಕೊನೆಗೆ ತಲೆ ಎತ್ತದೆ ಹೇಳಿದಳು. ನನಗೆ ಅಲ್ಲಿಂದ ಎದ್ದು ಸಿಂಗಾನಲ್ಲೂರಿನವರೆಗೂ ನಡೆದುಬಿಡೋಣ ಅನ್ನಿಸಿತು.

ಅತ್ತೆಗೆ ಕೋಪ ಬರಲಿಲ್ಲ, ಆಶ್ಚರ್ಯವಾಯಿತು. ಅವನ ಎಡಗೈಯೇ ಗಿಡ್ಡವಲ್ಲವೇ, ಎಂಟು ವರ್ಷದವನಿದ್ದಾಗ ಗೋಡೆಯಿಂದ ಬಿದ್ದು ಮುರಿದುಕೊಂಡದ್ದು, ಆಮೇಲೆ ಸರಿಯಾಗಿ ಬೆಳೆಯಲೇ ಇಲ್ಲ ಅಂದರು. ನೀನು ನರ್ಸು, ಇಪ್ಪತ್ತು ವರ್ಷ ಜೊತೆಗಿದ್ದೆ, ನಿನಗೆ ಗೊತ್ತಿಲ್ಲವೇ ಅಂತ ಸೊಸೆಯನ್ನು ಕೇಳಿದರು.

ಗೆಳತಿ ತಲೆ ಎತ್ತಿದಳು. ಕಿರೀಟ ಹಣೆಗೆ ಜಾರಿತ್ತು. ನಿಧಾನವಾಗಿ ಹೇಳಿದಳು, ಅವನ ಶರ್ಟುಗಳ ಎಡತೋಳು ಯಾವಾಗಲೂ ಉದ್ದ ಬರುತ್ತಿತ್ತು. ಹೊಲಿದವರ ತಪ್ಪು ಅಂದುಕೊಂಡು ನಾಲ್ಕು ಸಲ ಅಂಗಡಿಗೆ ಹೋಗಿ ಜಗಳವಾಡಿ ವಾಪಸು ಕೊಟ್ಟು ಬಂದಿದ್ದಳಂತೆ.

ಅವನೂ ಜೊತೆಗೆ ಬಂದಿದ್ದನೇ ಅಂತ ಅತ್ತೆ ಕೇಳಿದರು. ನಾಲ್ಕು ಸಲವೂ ಬಂದಿದ್ದ ಅಂದಳು. ಅತ್ತೆ ಮೇಜಿನ ಮೇಲೆ ಮುಂದಕ್ಕೆ ಬಾಗಿದರು.

"ಮತ್ತೆ ಅವನು ಏನೂ ಹೇಳಲಿಲ್ಲವಾ?"

"ಹೇಳಿದರು," ಅಂದಳು ಗೆಳತಿ, ಬೂದು ಸ್ವೆಟರನ್ನು ತಲೆಯ ಮೇಲಿಂದ ಎಳೆದು ಹಾಕಿಕೊಳ್ಳುತ್ತಾ. "ಕೈ ಹಿಂದೆ ಕಟ್ಟಿಕೊಂಡು ನಿಂತು, ಇಂಥ ಕೆಟ್ಟ ಹೊಲಿಗೆ ನಾನು ಎಲ್ಲೂ ನೋಡಿಲ್ಲ ಅಂತ ಅಂಗಡಿಯವರಿಗೇ ಬೈದರು."